ಅಬ್ಬನ ಜೀಪು, ಘಾಟಿಯ ಮೇಲಿನ ಊರು

ಉಜಿರೆ ದಾಟಿ ಚಾರ್ಮಾಡಿ ಹಳ್ಳಿಯ ಬಳಿಯಿಂದ ಬಸ್ಸು ಘಾಟಿ ಹತ್ತಲು ಶುರು ಮಾಡಿತೆಂದರೆ ಕಿಟಕಿ ಪಕ್ಕ ಕುಳಿತ ಮಕ್ಕಳಿಗೆ ಹಬ್ಬ, ತಲೆಸುತ್ತು ಬರುವವರ ಕೈಗೆ ನಿಂಬೆಹಣ್ಣು. ತಿರುವಿನ ಮೇಲೆ ತಿರುವು ಕಳೆದು, ಮಂಜಿನ ನಡುವೆ ಬಸ್ಸು ದಣಿವಾರಿಸಿಕೊಳ್ಳುವ ಜಾಗವೇ ಕೊಟ್ಟಿಗೆಹಾರ. ಅಷ್ಟರಲ್ಲಿ ದಕ್ಷಿಣ ಕನ್ನಡ ಮುಗಿದು ಚಿಕ್ಕಮಗಳೂರು ಜಿಲ್ಲೆ ಬಂದಿರುತ್ತದೆ. ನಿಮ್ಮಲ್ಲಿ ಅನೇಕರು ಇಲ್ಲಿ ಇಳಿದು ಬಿಸಿ ನೀರುದೋಸೆ ತಿಂದು, ಚಹಾ ಕುಡಿದು, ಮತ್ತೆ ಬಸ್ಸು ಹತ್ತಿದ್ದೀರಿ. ಮುಂದಿನ ಸಲ ಬಂದಾಗ ಐದು ನಿಮಿಷ ಹೆಚ್ಚು ನಿಲ್ಲಿ. ಅಂಗಡಿ ಸಾಲಿನ ಆಚೆ, ಮರದಡಿಯಲ್ಲಿ ನಿಂತಿರುವ ಜೀಪುಗಳನ್ನೊಮ್ಮೆ ನೋಡಿ.

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಜೀಪು ಎಂದರೆ ಪೊಲೀಸರ ಗಾಡಿ ಅಥವಾ ಚುನಾವಣೆಯ ಮೈಕು ಕಟ್ಟಿದ ಗಾಡಿ. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಡಾಂಬರು ರಸ್ತೆಯಿಂದ ಮನೆಗೆ ಮೂರು ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ಜೂನ್ ತಿಂಗಳಿಗೆ ಅದು ಹಳ್ಳವೋ ದಾರಿಯೋ ಎಂದು ಹೇಳಲಾಗದು. ಆ ದಾರಿಯಲ್ಲಿ ಕಾಫಿ ಚೀಲ ಇಳಿಸುವುದು, ಅಕ್ಕಿ ಮೂಟೆ ಏರಿಸುವುದು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಬರುವುದು, ಮದುಮಗಳನ್ನು ಕರೆತರುವುದು, ಹೆರಿಗೆ ನೋವಿನ ಹೆಂಗಸನ್ನು ಮೂಡಿಗೆರೆಯ ಆಸ್ಪತ್ರೆಗೆ ಒಯ್ಯುವುದು ಎಲ್ಲಾ ಜೀಪೇ. ಎಷ್ಟೋ ಮನೆಗಳಿಂದ ಜನಾಝ ಕೂಡ ಜೀಪಿನಲ್ಲೇ ಮಸೀದಿಗೆ ಹೊರಟಿದೆ.

ಈ ಗಾಡಿಯ ಮೂಲ ಎರಡನೇ ಮಹಾಯುದ್ಧ. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಗಾಡಿಗಳು ನಮ್ಮ ದೇಶದಲ್ಲೂ ಹರಾಜಾದವು. ಹಳಬರು ಅವನ್ನು ‘ಡಿಸ್ಪೋಸಲ್ ಜೀಪು’ ಎನ್ನುತ್ತಿದ್ದರು. ಆಮೇಲೆ ಮುಂಬಯಿಯಲ್ಲೇ ಜೀಪು ಜೋಡಿಸುವ ಕೆಲಸ ಶುರುವಾಯಿತು. ಆ ಕಂಪನಿಯ ಹೆಸರಿನ ಹಿಂದೆ ನಮ್ಮ ಮಕ್ಕಳಿಗೆ ಹೇಳಬೇಕಾದ ಒಂದು ಸಂಗತಿಯಿದೆ. 1945ರಲ್ಲಿ ಲೂಧಿಯಾನದಲ್ಲಿ ಅದು ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾದಾಗ ಅದರ ಹೆಸರು ‘ಮಹೀಂದ್ರ ಅಂಡ್ ಮೊಹಮ್ಮದ್’. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮುಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋದರು, ಅಲ್ಲಿನ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಅಲ್ಲಿ ಅವರು ನಡೆಸಿದ ರಾಜಕೀಯ ಬೇರೆ ಕಥೆ, ಅದನ್ನು ಹೊಗಳುವಂತಿಲ್ಲ. ಇಲ್ಲಿ 1948ರಲ್ಲಿ ಕಂಪನಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಎರಡು ‘ಎಂ’ ಅಕ್ಷರ ಹಾಗೆಯೇ ಉಳಿದವು, ಎರಡನೆಯದರ ಅರ್ಥ ಮಾತ್ರ ಬದಲಾಯಿತು.

ನಾನು ಹೇಳಹೊರಟಿರುವುದು ಒಂದೇ ಒಂದು ಜೀಪಿನ ವಿಷಯ. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಒಳಗಿನ ಮಣ್ಣಿನ ದಾರಿಯ ಕೊನೆಗೆ ನನ್ನ ತವರುಮನೆ. ಎರಡೂವರೆ ಎಕರೆ ಕಾಫಿ, ನಡುವೆ ಕಾಳುಮೆಣಸು, ಕೆಳಗೆ ಒಂದಿಷ್ಟು ಅಡಿಕೆ. ಅಬ್ಬ 1988ರಲ್ಲಿ ಕೊಂಡ ಎಂ.ಎಂ. 540 ಜೀಪು ಅದು. ನಂಬರು ಕೂಡ ‘ಕೆ.ಎ.’ ಬರುವುದಕ್ಕೆ ಮುಂಚಿನದು. ಅದರೊಳಗಿರುವುದು ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್, 2112 ಸಿ.ಸಿ. ಅದರ ಸದ್ದು ಕೆಳಗಿನ ಸಂಕದ ಬಳಿ ಕೇಳಿದರೆ ಉಮ್ಮ ಒಲೆಯ ಮೇಲೆ ಚಹಾ ಇಡುತ್ತಿದ್ದರು. ಜೀಪು ಅಂಗಳಕ್ಕೆ ಬರುವಾಗ ಚಹಾ ಕುದಿದಿರುತ್ತಿತ್ತು. ಊರಿನ ಯಾವ ಮನೆಯ ಬಾಗಿಲು ನಡುರಾತ್ರಿ ತೆರೆದರೂ ಮುಂದಿನ ಸದ್ದು ನಮ್ಮ ಅಂಗಳದಲ್ಲಿ ಕೇಳುತ್ತಿತ್ತು. ಅಬ್ಬ ಯಾರಿಂದಲೂ ಡೀಸೆಲ್ ಖರ್ಚು ಕೇಳಿ ಪಡೆದವರಲ್ಲ, ಕೊಟ್ಟರೆ ಬೇಡವೆಂದವರೂ ಅಲ್ಲ.

2009ರಲ್ಲಿ ಅಬ್ಬ ಅಲ್ಲಾಹನ ಕರೆಗೆ ಓಗೊಟ್ಟರು. ಜೀಪು ಕೊಟ್ಟಿಗೆ ಸೇರಿತು. ಆ ಹೊತ್ತಿಗೆ ಅಣ್ಣ ದಮ್ಮಾಮಿನಲ್ಲಿದ್ದ. 2007ರಲ್ಲಿ ಅವನು ಹೊರಟಾಗ ಮಗನಿಗೆ ಒಂದು ವರ್ಷ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ, ಚಾಕಲೇಟು, ಆಟಿಕೆ, ಮತ್ತೆ ವಿಮಾನ ನಿಲ್ದಾಣ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ಲೆಕ್ಕ ಗೊತ್ತಿರದವರು ಯಾರಿದ್ದಾರೆ? ಫೋನ್ ಬಂದಾಗ ಆ ಹುಡುಗ ಸಲಾಂ ಹೇಳಿ, ಚೆನ್ನಾಗಿದ್ದೇನೆ ಎಂದು ಹೇಳಿ, ಅರ್ಧ ನಿಮಿಷದಲ್ಲಿ “ಉಮ್ಮನಿಗೆ ಕೊಡ್ತೇನೆ” ಎನ್ನುತ್ತಿದ್ದ.

2022ರಲ್ಲಿ ಅಣ್ಣ ಎಲ್ಲಾ ಮುಗಿಸಿ ಊರಿಗೆ ಬಂದ. ಆಗ ಹುಡುಗನಿಗೆ 16. ಆ ವರ್ಷ ನಾನು ತವರಿಗೆ ಹೋದಾಗ ಒಂದು ವಿಷಯ ಗಮನಿಸಿದೆ. ಅಣ್ಣ ಕೋಣೆಗೆ ಬಂದರೆ ಹುಡುಗ ಎದ್ದು ನಿಲ್ಲುತ್ತಿದ್ದ. ಅದು ಅದಬ್ ಎಂದು ಮೊದಲು ಸಂತೋಷವಾಯಿತು. ಎರಡನೇ ದಿನ ಗೊತ್ತಾಯಿತು, ಅವನು ಎದ್ದು ನಿಲ್ಲುತ್ತಿದ್ದುದು ಅತಿಥಿ ಬಂದಾಗ ನಿಲ್ಲುವ ಹಾಗೆ. ಅಣ್ಣನೂ ಅವನಿಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ. “ಅವನಿಗೆ ಊಟಕ್ಕೆ ಬರಲು ಹೇಳು” ಎಂದು ಅತ್ತಿಗೆಯ ಬಳಿ ಹೇಳುತ್ತಿದ್ದ, ಹುಡುಗ ಮೂರು ಮೊಳ ದೂರದಲ್ಲಿ ಕುಳಿತಿರುವಾಗಲೇ.

ಆಗಲೇ ಗುಜರಿಯವನು ಬಂದದ್ದು. ಕೊಟ್ಟಿಗೆ ನೋಡಿ 40,000 ಕೊಡುತ್ತೇನೆ ಎಂದ. ಅಣ್ಣ ಮಾರುವ ಮನಸ್ಸು ಮಾಡಿದ. ಆದರೆ ಜೀಪು ಅಬ್ಬನ ಹೆಸರಿನಲ್ಲಿತ್ತು. ಎಂದರೆ ಅದು ಅಣ್ಣನದಲ್ಲ, ವಾರಸುದಾರರೆಲ್ಲರದು. ಸಹೋದರಿಯರೇ, ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಗದ್ದೆ ಮನೆಯ ಪಾಲು ಕೇಳಲೇ ಹಿಂಜರಿಯುವ ನಾವು ತುಕ್ಕು ಹಿಡಿದ ಜೀಪಿನ ಪಾಲು ಕೇಳುತ್ತೇವೆಯೇ? ಆದರೆ ಮೀರಾಸಿನ ಲೆಕ್ಕಕ್ಕೆ ತುಕ್ಕು, ಬಂಗಾರ ಎಂಬ ಭೇದವಿಲ್ಲ. ಸಾಲ, ವಸಿಯ್ಯತ್ ತೀರಿದ ಮೇಲೆ ಉಳಿದದ್ದರಲ್ಲಿ ಹೆಂಡತಿಗೆ ಎಂಟನೇ ಒಂದು. ಮಿಕ್ಕಿದ್ದರಲ್ಲಿ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. 40,000ದಲ್ಲಿ ಉಮ್ಮನಿಗೆ 5,000, ಅಣ್ಣನಿಗೆ 17,500, ಅಕ್ಕನಿಗೆ 8,750, ನನಗೆ 8,750. ಅಣ್ಣ ತಾನಾಗಿಯೇ ಕಾಗದದಲ್ಲಿ ಈ ಲೆಕ್ಕ ಬರೆದು ನಮ್ಮ ಮುಂದಿಟ್ಟ. ಪಾಲನ್ನು ಬಿಟ್ಟುಕೊಡುವುದು ಬೇರೆ, ಪಾಲು ಇದೆಯೆಂದು ಯಾರೂ ಹೇಳದೇ ಇರುವುದು ಬೇರೆ. ಅವನು ಹೇಳಿದ. ಅದಕ್ಕಾಗಿ ಅವನ ಮೇಲೆ ನನಗಿರುವ ಗೌರವ ಹೆಚ್ಚಾಯಿತು.

ಅಕ್ಕನೂ ನಾನೂ ಏನಾದರೂ ಹೇಳುವ ಮೊದಲೇ ಉಮ್ಮ ತಸ್ಬೀಹ್ ಕೆಳಗಿಟ್ಟು ಹೇಳಿದರು: “ನನ್ನ ಎಂಟನೇ ಒಂದು ಪಾಲು ಮುಂದಿನ ಎಡಗಡೆ ಸೀಟು. ಅದನ್ನು ನಾನು ಮಾರುವುದಿಲ್ಲ. ಉಳಿದದ್ದನ್ನು ಬೇಕಾದರೆ ಕೊಯ್ದು ಮಾರಿಕೊಳ್ಳಿ.”

ಕೋಣೆಯಲ್ಲಿ ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. “ರಿಪೇರಿ ಮಾಡಿದರೆ?” ಎಂದ. ಅತ್ತಿಗೆಯ ಮುಖ ನೋಡದೆ, ನೇರವಾಗಿ ಅಣ್ಣನನ್ನು ಕೇಳಿದ.

ಅತ್ತಿಗೆ ಮೂರು ಷರತ್ತು ಹಾಕಿದರು. ಒಡವೆ ಅಡವಿಡುವಂತಿಲ್ಲ. ಬಡ್ಡಿಯ ಸಾಲ ತರುವಂತಿಲ್ಲ. ನಮಾಝಿನ ಹೊತ್ತಿಗೆ ಸ್ಪ್ಯಾನರ್ ಕೆಳಗಿಡಬೇಕು. ಹಾಗಾಗಿ ತಿಂಗಳ ಖರ್ಚಿನಲ್ಲಿ ಉಳಿದ ದುಡ್ಡಿನಲ್ಲೇ ಕೆಲಸ ನಡೆಯಬೇಕಾಯಿತು. 2022ರ ಡಿಸೆಂಬರಿನಲ್ಲಿ ಶುರುವಾದದ್ದು ಮುಗಿಯಲು 14 ತಿಂಗಳು ಹಿಡಿಯಿತು.

ಕೊಟ್ಟಿಗೆಯಿಂದ ಜೀಪನ್ನು ಕಾಫಿ ಒಣಗಿಸುವ ಕಣಕ್ಕೆ ತಳ್ಳಿ ತಂದಾಗ ಅದರ ಸ್ಥಿತಿ ಹೀಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಕಾಲಿಡುವ ತಗಡು ತುಕ್ಕು ತಿಂದು ಕೆಳಗಿನ ನೆಲ ಕಾಣುತ್ತಿತ್ತು. ವಯರುಗಳನ್ನು ಇಲಿ ಕಡಿದಿತ್ತು. ಟ್ಯಾಂಕಿನಲ್ಲಿದ್ದ ಡೀಸೆಲ್ ಹಲಸಿನ ಮೇಣದಂತಾಗಿತ್ತು. ಅಣ್ಣ ದಮ್ಮಾಮಿನಲ್ಲಿ ಸೂಪರ್ ಮಾರ್ಕೆಟಿನ ಸ್ಟೋರ್ ನೋಡಿಕೊಂಡಿದ್ದವನು, ಸ್ಪ್ಯಾನರ್ ಹಿಡಿದವನಲ್ಲ. ಹುಡುಗ ಹಿಡಿದದ್ದು ಮೊಬೈಲು ಮಾತ್ರ. ಇದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ತಂದೆಗೆ ಗೊತ್ತಿದ್ದು ಮಗನಿಗೆ ಗೊತ್ತಿಲ್ಲದಿದ್ದರೆ ಅದು ಪಾಠವಾಗುತ್ತಿತ್ತು. ಇಲ್ಲಿ ಇಬ್ಬರೂ ಒಂದೇ ತರಗತಿಯವರು.

ಕಲಿಸಲು ಬಂದವರು ಮೂಡಿಗೆರೆಯ ಒಬ್ಬ ವೃದ್ಧ ಮೆಕ್ಯಾನಿಕ್. ಅಬ್ಬನ ಕಾಲದಿಂದಲೂ ಈ ಜೀಪಿನ ಹೊಟ್ಟೆ ಬಲ್ಲವರು. ಅವರನ್ನು ಎಲ್ಲರೂ ‘ಉಸ್ತಾದ್’ ಎನ್ನುತ್ತಾರೆ. ಮದ್ರಸದಲ್ಲಿ ಕಲಿಸುವವರೂ ಉಸ್ತಾದ್, ಗ್ಯಾರೇಜಿನಲ್ಲಿ ಕಲಿಸುವವರೂ ಉಸ್ತಾದ್. ಎರಡು ಕಡೆಯೂ ಮೊದಲ ಪಾಠ ತಾಳ್ಮೆಯೇ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಹಾಕಿ ಎರಡು ದಿನ ಮುಟ್ಟಬಾರದು ಎಂದರು. ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಅದು ಯಾವ ಜಾಗದ್ದೆಂದು ಬರೆದು ಇಡಬೇಕು ಎಂದರು. ಅತ್ತಿಗೆಯ ಉಪ್ಪಿನಕಾಯಿ ಬಾಟಲಿಗಳು ಹೀಗೆ ಒಂದೊಂದಾಗಿ ಖಾಲಿಯಾದವು. ‘ಮುಂದಿನ ಎಡ ಬ್ರೇಕ್’, ‘ರೇಡಿಯೇಟರ್ ಮೇಲೆ’ ಎಂದು ಚೀಟಿ ಬರೆದು ಅಂಟಿಸಿದವಳು ಹುಡುಗನ ತಂಗಿ, ಆಗ ಏಳನೇ ತರಗತಿ. ಇಲಿ ಕಡಿದ ವಯರುಗಳ ಬಣ್ಣವನ್ನು ಡ್ರಾಯಿಂಗ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದುಕೊಂಡವಳೂ ಅವಳೇ. ಮುಂದೆ ಒಂದು ಬಲ್ಬು, ಎರಡು ತುಂಡು ವಯರು, ಬ್ಯಾಟರಿ ಇಟ್ಟುಕೊಂಡು ಯಾವ ವಯರಿನಲ್ಲಿ ಕರೆಂಟು ಬರುತ್ತಿದೆ, ಯಾವುದರಲ್ಲಿ ಇಲ್ಲ ಎಂದು ಪರೀಕ್ಷಿಸುವುದನ್ನು ಉಸ್ತಾದ್ ಅವಳಿಗೇ ಕಲಿಸಿದರು. ಹೆಣ್ಣುಮಕ್ಕಳಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಎಂದು ನೆರೆಮನೆಯವರು ಕೇಳಿದ್ದರು. ಇಂಡಿಕೇಟರ್ ಮಿನುಗಿದ ದಿನ ಅವರೇ ಬಂದು ನೋಡಿ ಹೋದರು.

ಹುಡುಗನಿಗೆ ಎಂಜಿನ್ ಕೂಗಿಸುವ ಅವಸರ. ಉಸ್ತಾದ್ ಒಪ್ಪಲಿಲ್ಲ. “ಮೊದಲು ನಿಲ್ಲುವುದು, ಆಮೇಲೆ ಓಡುವುದು” ಎಂದು ಬ್ರೇಕಿನಿಂದ ಶುರು ಮಾಡಿಸಿದರು. ನಾಲ್ಕು ಚಕ್ರ ಬಿಚ್ಚಿ, ಡ್ರಮ್ಮಿನೊಳಗಿನ ಸವೆದ ಲೈನರ್ ಬದಲಿಸಿ, ಎಣ್ಣೆ ಸೋರುತ್ತಿದ್ದ ಸಿಲಿಂಡರ್‌ಗಳಿಗೆ ಹೊಸ ರಬ್ಬರ್ ಹಾಕಿದರು. ನಾವು ತಜ್‌ವೀದ್ ಕಲಿಸುವಾಗ ವಕ್ಫ್‌ಗೆ, ಅಂದರೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ, ಎಷ್ಟು ಒತ್ತು ಕೊಡುತ್ತೇವೆ! ತಪ್ಪು ಜಾಗದಲ್ಲಿ ನಿಂತರೆ ಅರ್ಥವೇ ಕೆಡುತ್ತದೆ. ಘಾಟಿಯಲ್ಲಾದರೆ ಪ್ರಾಣವೇ ಹೋಗುತ್ತದೆ.

ಎಂಜಿನ್ನಿನ ಕೆಲಸ ಬಂದಾಗಲೂ ಕೀಲಿ ತಿರುಗಿಸಲಿಲ್ಲ. ನಾಝಲ್‌ಗಳನ್ನು ತೆಗೆದು, ಆ ರಂಧ್ರಗಳಲ್ಲಿ ಎಣ್ಣೆ ಹಾಕಿ, ಎರಡು ದಿನ ನೆನೆಯಲು ಬಿಟ್ಟು, ಆಮೇಲೆ ಕೈಯಿಂದಲೇ ನಿಧಾನಕ್ಕೆ ತಿರುಗಿಸಿದರು. ವರ್ಷಗಟ್ಟಲೆ ನಿಂತ ಪಿಸ್ಟನ್‌ಗಳನ್ನು ಒಮ್ಮೆಲೇ ಎಳೆದರೆ ಒಳಗೆ ಗೀರು ಬೀಳುತ್ತದಂತೆ. ಟ್ಯಾಂಕ್ ಇಳಿಸಿ ತೊಳೆದರು. ನಾಝಲ್‌ಗಳನ್ನೂ ಪಂಪನ್ನೂ ಪೇಟೆಗೆ ಕಳುಹಿಸಿ ಸರಿಮಾಡಿಸಿದರು. ಡೀಸೆಲ್ ಗಾಡಿಯಲ್ಲಿ ಪೈಪಿನೊಳಗೆ ಗಾಳಿ ಸೇರಿದರೆ ಎಂಜಿನ್ ಹತ್ತುವುದಿಲ್ಲ. ಒಬ್ಬರು ಕೈಪಂಪು ಒತ್ತುತ್ತಿರಬೇಕು, ಇನ್ನೊಬ್ಬರು ಸ್ಕ್ರೂ ಸಡಿಲಿಸಿ ಡೀಸೆಲ್ ಜೊತೆ ಬರುವ ಗುಳ್ಳೆ ನೋಡುತ್ತಿರಬೇಕು. ಗುಳ್ಳೆ ನಿಂತ ಕ್ಷಣ ‘ಸಾಕು’ ಎಂದು ಹೇಳಿ ಸ್ಕ್ರೂ ಬಿಗಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಮಾತಾಡದೆ ಆಗುವ ಕೆಲಸವೂ ಅಲ್ಲ. ತಂದೆ ಮಗನ ಮಾತು ಮೊದಲ ತಿಂಗಳುಗಳಲ್ಲಿ ಹೀಗೇ ಇತ್ತು: ಹಿಡಿ, ಬಿಡು, ನಿಧಾನ, ಸಾಕು. ಅತ್ತಿಗೆ ಅಡುಗೆಮನೆಯ ಕಿಟಕಿಯಿಂದ ಇದನ್ನು ಕೇಳುತ್ತಾ ನಿಲ್ಲುತ್ತಿದ್ದರಂತೆ.

ಆ ಸ್ಕ್ರೂವಿನಲ್ಲೇ ಜಗಳವೂ ಆಯಿತು. ಹುಡುಗ ಬಲ ಹಾಕಿ ಬಿಗಿದ. ಮರೆ ಕಿತ್ತುಹೋಯಿತು. ಅಣ್ಣ ರೇಗಿದ. “ಹದಿನೈದು ವರ್ಷ ಅಲ್ಲಿ ಬೆವರು ಸುರಿಸಿ ದುಡಿದದ್ದು ನೀನು ಹೀಗೆ ಹಾಳು ಮಾಡಲಿಕ್ಕಾ?” ಎಂದ. ಹುಡುಗ ಸ್ಪ್ಯಾನರನ್ನು ಕಣದ ಮೇಲಿಟ್ಟು ಮೆಲ್ಲಗೆ ಹೇಳಿದ: “ಆ ಹದಿನೈದು ವರ್ಷ ಅಜ್ಜಿಯ ಔಷಧಿ ತಂದದ್ದು ಯಾರು? ಕರೆಂಟು ಬಿಲ್ಲು ಕಟ್ಟಿದ್ದು, ಮಳೆಗೆ ಹೆಂಚು ಹಾರಿದಾಗ ಮಾಡಿಗೆ ಹತ್ತಿದ್ದು ಯಾರು? ಆಗ ನೀವು ಎಲ್ಲಿದ್ರಿ ಅಂತ ನಾನು ಕೇಳಿದ್ದೇನಾ?”

ಅಣ್ಣ ಉತ್ತರಿಸಲಿಲ್ಲ. ಮೂರು ವಾರ ಜೀಪು ಬಿಚ್ಚಿದ ಹಾಗೆಯೇ ಟಾರ್ಪಾಲಿನಡಿ ನಿಂತಿತು. ಮನೆಗಾಗಿ ದೂರ ಹೋದವನ ನೋವು, ಅವನಿಲ್ಲದ ಮನೆಯಲ್ಲಿ ಬೇಗನೆ ದೊಡ್ಡವನಾದ ಹುಡುಗನ ನೋವು, ಎರಡೂ ನಿಜ. ಈ ಎರಡರಲ್ಲಿ ಯಾವುದು ಹೆಚ್ಚೆಂದು ತೂಗಲು ನನ್ನಿಂದಾಗದು. ಮತ್ತೆ ಕೆಲಸ ಶುರುವಾದದ್ದು ಯಾರೋ ಕ್ಷಮೆ ಕೇಳಿದ್ದರಿಂದ ಅಲ್ಲ. ಒಂದು ಭಾನುವಾರ ಅಣ್ಣ ಹೊಸ ಸ್ಕ್ರೂ ತಂದು, ಅದನ್ನು ಹುಡುಗನ ತಟ್ಟೆಯ ಪಕ್ಕದಲ್ಲಿಟ್ಟ. ಅಷ್ಟೇ. ಹುಡುಗ ದೋಸೆ ತಿಂದು, ಕೈ ತೊಳೆದು, ಅದನ್ನು ಜೇಬಿಗೆ ಹಾಕಿಕೊಂಡು ಕಣಕ್ಕೆ ಹೋದ.

ತಗಡಿನ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆದರು, ಮರಳುಕಾಗದದಿಂದ ಉಜ್ಜಿ ಉಜ್ಜಿ ಇಬ್ಬರ ಬೆರಳ ತುದಿಯೂ ಸವೆಯಿತು, ರೆಡ್ ಆಕ್ಸೈಡ್ ಬಳಿದು ಮೇಲೆ ಅಬ್ಬನ ಕಾಲದ ಹಸಿರು ಬಣ್ಣ ಹೊಡೆದರು. ಆ ದಿನಗಳಲ್ಲಿ ನಾನು ಹೋಗಿದ್ದಾಗ ಹುಡುಗ, “ಮಾಮಿ, ಕಬ್ಬಿಣದ ಬಗ್ಗೆ ಕುರ್‌ಆನಿನಲ್ಲಿ ಇದೆಯಾ?” ಎಂದು ಕೇಳಿದ. ಕಬ್ಬಿಣದ ಹೆಸರಿನ ಸೂರಃ ಇರುವುದನ್ನೂ, ಸೂರಃ ಸಬಅ್‌ನಲ್ಲಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿಕೊಟ್ಟ ಪ್ರಸ್ತಾಪವನ್ನೂ, ಕವಚದ ಕೊಂಡಿಗಳನ್ನು ಅಳತೆ ತಪ್ಪದಂತೆ ಮಾಡಲು ಅಲ್ಲಿ ಆಜ್ಞೆಯಿರುವುದನ್ನೂ ಹೇಳಿದೆ. ಅವನು ಉಜ್ಜುತ್ತಲೇ, “ನಮಗೆ ಯಾಕೆ ಮೆದುವಾಗ್ತಾ ಇಲ್ಲ?” ಎಂದ.

ಇನ್ನೊಂದು ತಕರಾರು ಅಲಂಕಾರದ್ದು. ಹುಡುಗನಿಗೆ ದಪ್ಪ ಟಯರು, ಎತ್ತರಿಸಿದ ಮೈ, ಮಾಡಿನ ಮೇಲೆ ಸಾಲು ದೀಪ, ಎಲ್ಲಾ ಬೇಕಿತ್ತು. ವಿಡಿಯೋಗಳಲ್ಲಿ ಜೀಪುಗಳು ಹಾಗೆಯೇ ಇರುತ್ತವೆ. ಅಣ್ಣ ಬೇಡವೆಂದರೂ ಕೇಳುತ್ತಿರಲಿಲ್ಲವೇನೋ. ಆದರೆ ಕಂಪನಿ ಮಾಡಿಕೊಟ್ಟ ಮೂಲ ರಚನೆಯನ್ನು ಬದಲಿಸಿದ ವಾಹನಕ್ಕೆ ನೋಂದಣಿ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದನ್ನು ಅವನೇ ಮೊಬೈಲಿನಲ್ಲಿ ಹುಡುಕಿ ಓದಿದ, ಸುಮ್ಮನಾದ. ಅದೇ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯನ್ನು ತಾಯಂದಿರು ತಿಳಿದಿರಬೇಕು. ಅಪ್ರಾಪ್ತ ವಯಸ್ಸಿನ ಮಗ ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅತ್ತಿಗೆ ಇದನ್ನು ಕಾಗದದಲ್ಲಿ ಬರೆದು ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದರು. ಹುಡುಗ ಗೇರು ಹಾಕಲು ಕಲಿತದ್ದು ನಮ್ಮದೇ ಕಣದಲ್ಲಿ, ನಮ್ಮದೇ ತೋಟದ ದಾರಿಯಲ್ಲಿ, ಪಕ್ಕದಲ್ಲಿ ಅಣ್ಣನನ್ನು ಕೂರಿಸಿಕೊಂಡು.

ಆ ತೋಟದ ದಾರಿಯಲ್ಲೇ ನಾನು ಜೀಪಿನ ನಿಜವಾದ ಗುಣ ಕಂಡದ್ದು. ಗೇರಿನ ಪಕ್ಕದಲ್ಲಿ ಇನ್ನೆರಡು ಚಿಕ್ಕ ಲಿವರ್‌ಗಳಿವೆ. ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುತ್ತದೆ. ಇನ್ನೊಂದು ವೇಗ ಇಳಿಸಿ ಬಲ ಏರಿಸುತ್ತದೆ. ಎರಡನ್ನೂ ಹಾಕಿದರೆ ಜೀಪು ಮನುಷ್ಯ ನಡೆಯುವ ವೇಗದಲ್ಲಿ, ಜಾರುವ ಕೆಸರಿನಲ್ಲೂ ಆನೆಯ ಹಾಗೆ ಹತ್ತುತ್ತದೆ. ಒಣಗಿದ ಡಾಂಬರಿನಲ್ಲಿ ಮಾತ್ರ ಅದನ್ನು ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಕ್ರಮಿಸುವ ದೂರ ಬೇರೆ, ಹಿಂದಿನದು ಬೇರೆ. ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದರೆ ಒಳಗಿನ ಹಲ್ಲುಗಳು ನಲುಗುತ್ತವೆ. ಇದನ್ನು ನನಗೆ ವಿವರಿಸಿದವನು ಹುಡುಗ. ನಡುನಡುವೆ “ಅಲ್ವಾ ಅಬ್ಬ?” ಎಂದು ಕೇಳುತ್ತಿದ್ದ.

2024ರ ಫೆಬ್ರವರಿಯಲ್ಲಿ ಅಕ್ಕನೂ ನಾನೂ ವಾರಸುದಾರರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ಗಾಡಿ ಅಣ್ಣನ ಹೆಸರಿಗಾಯಿತು. ಹೊಗೆ ತಪಾಸಣೆ, ವಿಮೆ, ಹಳೆಯ ಬಾಕಿ, ನೋಂದಣಿಯ ನವೀಕರಣ ಎಂದು ಕಚೇರಿಗೆ ಅಲೆದಾಟ ಇನ್ನೊಂದು ತಿಂಗಳು. ಅತ್ತಿಗೆಯ ನೋಟು ಪುಸ್ತಕದ ಪ್ರಕಾರ ಟಯರು, ಬ್ಯಾಟರಿ, ತಗಡು, ಬಣ್ಣ, ಹುಡ್ ಎಲ್ಲಾ ಸೇರಿ ಒಟ್ಟು ಖರ್ಚು 1,63,000. ಇಷ್ಟು ದುಡ್ಡಿಗೆ ಒಂದು ಹಳೆಯ ಚಿಕ್ಕ ಕಾರೇ ಬರುತ್ತಿತ್ತು ಎಂದು ಹೇಳುವವರು ಇದ್ದಾರೆ. ಲೆಕ್ಕ ಸರಿಯೇ. ಆದರೆ ಆ ಕಾರು ಜೂನ್ ತಿಂಗಳಲ್ಲಿ ನಮ್ಮ ಮನೆಯ ಅಂಗಳ ನೋಡುತ್ತಿರಲಿಲ್ಲ. 2019ರ ಆಗಸ್ಟ್ ಮಳೆಗೆ ಘಾಟಿ ಕುಸಿದು ದಾರಿ ಮುಚ್ಚಿದಾಗ ಈ ಕಡೆಯ ಮನೆಗಳವರು ಪಟ್ಟ ಪಾಡು ಕಂಡವರು ಹಾಗೆ ಹೇಳುವುದಿಲ್ಲ.

ಆ ವರ್ಷವೇ ಹುಡುಗನಿಗೆ 18 ತುಂಬಿತು, ಲೈಸೆನ್ಸ್ ಬಂತು. ಈಗ ಅವನು ಮಂಗಳೂರಿನಲ್ಲಿ ಓದುತ್ತಿದ್ದಾನೆ. ಭಾನುವಾರ ಅಸರ್ ಕಳೆದ ಮೇಲೆ ಅವನ ಫೋನ್ ಬರುತ್ತದೆ. ಹೀಟರ್ ಪ್ಲಗ್ ಬದಲಾಯಿಸಿದಿರಾ, ಬೆಳಿಗ್ಗೆ ಎಷ್ಟನೇ ಸಲಕ್ಕೆ ಸ್ಟಾರ್ಟ್ ಆಯಿತು, ಸ್ಟೇರಿಂಗ್ ಎಳೆಯುತ್ತದೆಯಾ ಎಂದು ಅಣ್ಣನ ಜೊತೆ ಅರ್ಧ ಗಂಟೆ. ತನ್ನ ಪಾಳಿ ಬರುವಷ್ಟರಲ್ಲಿ ಮಗನಿಗೆ ಹೊತ್ತಾಗಿರುತ್ತದೆ ಎಂದು ಅತ್ತಿಗೆ ನನ್ನ ಬಳಿ ದೂರುತ್ತಾರೆ. ಆ ದೂರು ಹೇಳುವಾಗ ಅವರ ಮುಖ ನೋಡಬೇಕು.

ಹುಡ್ ಮಾತ್ರ ಇನ್ನೂ ಸರಿಯಾಗಿಲ್ಲ. ಅತ್ತಿಗೆ ಅಳತೆ ತೆಗೆದು ಕತ್ತರಿಸಿ ಕೊಟ್ಟದ್ದನ್ನೇ ಪೇಟೆಯ ಕುಶನ್ ಅಂಗಡಿಯಲ್ಲಿ ಹೊಲಿಸಿದ್ದು, ಆದರೂ ಎಡಗಡೆಯ ಮೂಲೆಯಲ್ಲಿ ಹೊಲಿಗೆಯ ಜಾಗದಿಂದ ಹನಿ ಇಳಿಯುತ್ತದೆ. ಎರಡು ಸಲ ಮೇಣ ಹಚ್ಚಿಯೂ ನಿಂತಿಲ್ಲ. ಅದು ಬೀಳುವುದು ಸರಿಯಾಗಿ ಮುಂದಿನ ಸೀಟಿನ ಮೇಲೆ. ಹಿಂದೆ ಕುಳಿತುಕೊಳ್ಳಿ ಎಂದರೆ ಉಮ್ಮ ಕೇಳುವುದಿಲ್ಲ. ಸವಾರಿಯ ದುಆ ಓದಿ, ತಲೆಯ ಮೇಲೆ ಒಂದು ಟವೆಲ್ ಹಾಕಿಕೊಂಡು, ತನ್ನ ಎಂಟನೇ ಒಂದು ಪಾಲಿನಲ್ಲಿ ನೆಟ್ಟಗೆ ಕುಳಿತು, “ಹೊರಡು” ಎನ್ನುತ್ತಾರೆ.